ಟಿಲ್ಲಿಯ ಮಧ್ಯಾಹ್ನದ ಸೂಜಿ

"ಶಾಲೆಗೆ ಎರಡೇ ಕಿಲೋಮೀಟರ್ ಇರೋವಾಗ ಟ್ರಕ್ಕು ಹಿಮದಲ್ಲಿ ಹೂತ್ಕೊಂಡಿದೆ ಕಣೇ. ಯಾರಾದ್ರೂ ಟ್ರ್ಯಾಕ್ಟರ್ ತಂದು ಎಳೀಬೇಕು. ಇವತ್ತು ಟಿಲ್ಲಿಗೆ ಸೂಜಿ ನೀನೇ ಕೊಟ್ಬಿಡು," ಎಂದಳು ಫೋನಿನಲ್ಲಿ ವಿಲ್ಮಾ.

ಶಾಲೆಯ ಕಚೇರಿಯಲ್ಲಿ ಕೂತಿದ್ದ ಗುಮಾಸ್ತೆ ಆರ್ಡಿತ್ ಗಡಿಯಾರ ನೋಡಿದಳು. ವಿಲ್ಮಾಳ ಮೊಮ್ಮಗಳು ಟಿಲ್ಲಿಗೆ ಎಂಟು ವರ್ಷ, ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಇನ್ಸುಲಿನ್ ಬೇಕೇ ಬೇಕು. ನರ್ಸ್ ಬರುವುದು ಮಂಗಳವಾರ ಮಾತ್ರ. ಉಳಿದ ದಿನ ಅಜ್ಜಿಯೇ ಮೂವತ್ತು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬರುತ್ತಿದ್ದಳು. ಅವಳು ತಲುಪುವಷ್ಟರಲ್ಲಿ ಗೆಳತಿಯರ ಊಟ ಮುಗಿದಿರುತ್ತಿತ್ತು. ಟಿಲ್ಲಿ ಒಬ್ಬಳೇ ತಿನ್ನುತ್ತಿದ್ದಳು.

ಡಾಕ್ಟರ ಪತ್ರ, ಅಜ್ಜಿಯ ಸಹಿ ಎರಡೂ ಕಚೇರಿಯಲ್ಲಿದ್ದವು. ನರ್ಸ್ ಆರ್ಡಿತ್‌ಗೆ ಎಲ್ಲ ಕಲಿಸಿ, ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಪಾಸು ಮಾಡಿದ್ದಳು. ಆದರೆ ಸೂಜಿಗೆ ಹೆದರಿ ತನ್ನ ಮಕ್ಕಳಿಗೆ ಲಸಿಕೆ ಹಾಕಿಸಲೂ ಗಂಡನನ್ನೇ ಕಳಿಸಿದವಳು ಆರ್ಡಿತ್.

"ಕಿತ್ತಳೆ ಅಳಲ್ಲ ವಿಲ್ಮಾ."

"ಟಿಲ್ಲೀನೂ ಅಳಲ್ಲ. ನೀನು ಅಳದಿದ್ರೆ ಸಾಕು."

ಟಿಲ್ಲಿ ಬಂದು ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿಕೊಂಡಳು. ಆರ್ಡಿತ್ ಬೀಗದ ಕಪಾಟು ತೆಗೆದು ಇನ್ಸುಲಿನ್ ಪೆನ್ನಿನ ಡಬ್ಬಿ ಇಳಿಸಿದಳು.

"ಡಬ್ಬಿ ಮೇಲಿನ ಹೆಸರು ಓದಿ ಮೇಡಂ."

"ನಿನ್ನ ಹೆಸರು ನಂಗೊತ್ತಿಲ್ವೇನೇ?"

"ಆದ್ರೂ ಓದ್ಬೇಕು. ನರ್ಸ್ ಹೇಳಿದಾರೆ."

ಓದಿದಳು. ಹಾಳೆಯಲ್ಲಿದ್ದ ಲೆಕ್ಕದಂತೆ ಪೆನ್ನಿನ ತಿರುಪು ತಿರುಗಿಸಿ ಮೂರು ಯೂನಿಟ್ ಎಂದಳು. ಟಿಲ್ಲಿ ಬಗ್ಗಿ ನೋಡಿ ಮೂರು ಎಂದು ತಲೆಯಾಡಿಸಿ, ಅಂಗಿ ಎತ್ತಿ ಹೊಟ್ಟೆ ತೋರಿಸಿದಳು.

"ಮೇಡಂ, ಕಣ್ಣು ಮುಚ್ಚಬಾರ್ದು!"

"ಮುಚ್ಚಿಲ್ಲ ಕಣೇ. ಚಿಕ್ಕದು ಮಾಡಿದೀನಿ ಅಷ್ಟೇ."

ಟಿಲ್ಲಿ ಕಿಸಕ್ಕನೆ ನಕ್ಕಳು. "ಅಲ್ಲಾಡ್ಬೇಡ!" ಎಂದು ಗದರಿ ಆರ್ಡಿತ್ ಚುಚ್ಚಿಯೇ ಬಿಟ್ಟಳು. ಇಬ್ಬರೂ ಜೋರಾಗಿ ಹತ್ತರವರೆಗೆ ಎಣಿಸಿದರು.

"ಆಯ್ತಾ?"

"ಆಯ್ತು. ಅಜ್ಜಿಗಿಂತ ಚೆನ್ನಾಗಿ ಕೊಟ್ರಿ. ಅವ್ಳಿಗೆ ಹೇಳ್ಬೇಡಿ," ಎಂದು ಟಿಲ್ಲಿ ಊಟದ ಕೋಣೆಗೆ ಓಡಿದಳು. ಆರ್ಡಿತ್ ಹಾಳೆಯಲ್ಲಿ ಸೂಜಿ ಕೊಟ್ಟ ಹೊತ್ತು ಬರೆದು ಸಹಿ ಹಾಕಿದಳು. ಅಕ್ಷರ ಸೊಟ್ಟಗಾಗಿತ್ತು. ಎದೆ ಮಾತ್ರ ಕುಣಿಯುತ್ತಿತ್ತು.

ಇಪ್ಪತ್ತು ನಿಮಿಷಕ್ಕೆ, ಟ್ರಕ್ಕು ಎಳೆಸಿಕೊಂಡು, ವಿಲ್ಮಾ ಏದುಸಿರು ಬಿಡುತ್ತಾ ಬಂದಳು. ಬಾಗಿಲಿನ ಗಾಜಿನಾಚೆ ಟಿಲ್ಲಿ ಇಬ್ಬರು ಗೆಳತಿಯರ ನಡುವೆ ಒತ್ತಿ ಕೂತು, ಪ್ಯಾನ್‌ಕೇಕು ಬಾಯಲ್ಲಿ ತುಂಬಿಕೊಂಡೇ ಏನೋ ಕಥೆ ಹೇಳುತ್ತಿದ್ದಳು.

"ಒಳಗೆ ಹೋಗು," ಎಂದಳು ಆರ್ಡಿತ್.

"ಬೇಡ. ನನ್ನ ಕಂಡ್ರೆ ಎದ್ದು ಬರ್ತಾಳೆ." ವಿಲ್ಮಾ ಕಣ್ಣೊರೆಸಿಕೊಂಡಳು. "ನಾಳೆಯಿಂದ ನೀನೇ ಕೊಟ್ರೆ ಮಧ್ಯಾಹ್ನ ನಾನೇನು ಮಾಡ್ಲಿ?"

"ಮಲಗು. ಇಲ್ಲಾ ಯಾರನ್ನಾದ್ರೂ ಪ್ರೀತಿ ಮಾಡು."

ವಿಲ್ಮಾ ಗಹಗಹಿಸಿ, ಗಾಜಿನಾಚೆ ಕೇಳಿಸೀತೆಂದು ಬಾಯಿ ಮುಚ್ಚಿಕೊಂಡಳು. ಆರ್ಡಿತ್ ಅಡುಗೆಮನೆಯಿಂದ ಬಿಸಿ ಪ್ಯಾನ್‌ಕೇಕುಗಳ ತಟ್ಟೆ ತಂದಳು. ಇಬ್ಬರೂ ಮಕ್ಕಳ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತರು. ವಿಲ್ಮಾಳ ಬೂಟಿನ ಹಿಮ ಕರಗಿ ನೆಲದ ಮೇಲೆ ಮೆಲ್ಲಗೆ ಹರಿಯತೊಡಗಿತು.