ಸ್ಟೀರಿಂಗ್ ಇರುವ ಟ್ರೇಲರ್

ಫ್ರಾನ್ಸಿನುದ್ದಕ್ಕೂ ಯಾರೂ ಕೇಳಿರಲಿಲ್ಲ. ಸ್ಪೇನಿನ ಗಡಿ ದಾಟುತ್ತಿದ್ದಂತೆ ಪೊಲೀಸಿನವನು ಕೈ ಅಡ್ಡ ಹಿಡಿದ. ಹಾಸಿಗೆ, ಒಲೆ ಎಲ್ಲ ಒಳಗೇ ಇದ್ದ ಮನೆಗಾಡಿಯನ್ನು ಕ್ಲಿಫರ್ಡ್ ಪಕ್ಕಕ್ಕೆ ನಿಲ್ಲಿಸಿದ. ಕಬ್ಬಿಣದ ಕವೆಗೆ ಮೂಗು ಸಿಕ್ಕಿಸಿಕೊಂಡು ಬ್ರಿಟನ್ನಿನ ಪ್ಲಿಮತ್‌ನಿಂದ ಡ್ರೈವರಿಲ್ಲದೆ ಹಿಂದೆ ಹಿಂದೆಯೇ ಬಂದಿದ್ದ ಪುಟ್ಟ ಕೆಂಪು ಕಾರೂ ನಿಂತಿತು.

"ಆ ಹಾಳೆ ಕೊಡು," ಎಂದ, ಹೆಂಡತಿಯ ಕಡೆ ನೋಡದೆ.

ನೊರೀನ್ ಕೊಟ್ಟಳು. ಅವರ ಮನೆಗಾಡಿ ಕ್ಲಬ್ಬಿನವರು ಸ್ಪ್ಯಾನಿಷ್‌ನಲ್ಲಿ ಬರೆಸಿ, ಪ್ಲಾಸ್ಟಿಕ್ ಹೊದಿಸಿ ಎಲ್ಲರಿಗೂ ಹಂಚಿದ್ದ ಹಾಳೆ: ಹೀಗೆ ಎಳೆಸಿಕೊಳ್ಳುವ ಕಾರು ಬ್ರಿಟನ್ನಿನಲ್ಲಿ ಟ್ರೇಲರ್ ಎಂದೇ ಲೆಕ್ಕ, ತವರಿನಲ್ಲಿ ಸರಿಯಾದದ್ದು ಪರದೇಶದಲ್ಲೂ ಸರಿ.

ಪೊಲೀಸಿನವನು ನಿಧಾನವಾಗಿ ಓದಿದ. "ಭಾಷೆ ಚೆನ್ನಾಗಿದೆ ಸೆನ್ಯೋರ್. ಆದ್ರೆ ಇದು ಕಾನೂನಲ್ಲ."

"ನಮ್ಮಲ್ಲಿ ಇದು ಟ್ರೇಲರ್ ಕಣಪ್ಪಾ!"

"ಟ್ರೇಲರಿಗೆ ಸ್ಟೀರಿಂಗ್ ಯಾಕೆ? ಸ್ಟೀರಿಂಗ್ ಇದ್ಮೇಲೆ ಡ್ರೈವರ್ ಬೇಕು. ಕೆಟ್ಟ ಗಾಡಿ ಎಳೆಯೋರು ಬಿಟ್ರೆ ಇಲ್ಲಿ ಯಾರೂ ಕಾರು ಎಳೆಯೋ ಹಾಗಿಲ್ಲ. ಬಿಚ್ಚಿ."

ಕ್ಲಿಫರ್ಡ್ ಹಲ್ಲು ಕಚ್ಚಿಕೊಂಡು ಕವೆ ಬಿಚ್ಚಿದ. "ಕಾರನ್ನ ಇಲ್ಲೇ ಯಾವ್ದಾದ್ರೂ ಗ್ಯಾರೇಜಲ್ಲಿ ಬಿಟ್ಟು ಹೋಗೋಣ. ಚಳಿಗಾಲ ಕಳೆದು ಮಾರ್ಚಲ್ಲಿ ವಾಪಸ್ ಹೋಗ್ತಾ ತಗೊಂಡ್ರಾಯ್ತು."

ಕಳೆದ ಚಳಿಗಾಲವಿಡೀ ನೊರೀನ್ ಸ್ಪೇನಿನ ಶಿಬಿರದಲ್ಲಿ ಮಡಚುಕುರ್ಚಿ ಹಾಕಿ ಕೂತು, ಉಳಿದವರು ಸಂತೆಯಿಂದ ಕಿತ್ತಳೆ ತರುವುದನ್ನು ನೋಡಿದ್ದಳು. ನಡೆದರೆ ಮಂಡಿ ಸುಮ್ಮನಿರುವುದಿಲ್ಲ. ಮನೆಗಾಡಿಯೋ, ಒಮ್ಮೆ ನಿಲ್ಲಿಸಿ ಮುಂದೆ ಚಪ್ಪರ ಬಿಡಿಸಿದರೆ ಮುಗಿಯಿತು, ವಸಂತದವರೆಗೂ ಕ್ಲಿಫರ್ಡ್ ಅದನ್ನು ಕದಲಿಸುವವನಲ್ಲ. ಈ ಕಾರು ಕೊಂಡದ್ದೇ ಅವಳ ಕಾಲಿಗೆ ಬದಲಾಗಿ.

"ನಾನು ಓಡಿಸ್ತೀನಿ," ಎಂದಳು.

"ನೀನಾ? ಬಲಗಡೆ ರಸ್ತೇಲಿ? ನಮ್ಮ ಸ್ವಿಂಡನ್ನಿನ ಸರ್ಕಲ್ಲಲ್ಲೇ ಮೂರು ಪ್ರದಕ್ಷಿಣೆ ಹಾಕಿದ ಮಹಾತಾಯಿ!"

"ಪಕ್ಕದಲ್ಲಿ ಕೂತು ನೀನು 'ಈಗ ಹೋಗು, ಈಗ ಬೇಡ' ಅಂತಿದ್ಯಲ್ಲ, ಅದಕ್ಕೆ."

ಪೊಲೀಸಿನವನು ಮುಖ ಆಚೆ ತಿರುಗಿಸಿಕೊಂಡ. ಅವಳು ಕೈ ಚಾಚಿದಳು. ಕೀಲಿ ಕ್ಲಿಫರ್ಡನ ಜೇಬಿನಿಂದ ಹೊರಬರಲು ತುಂಬ ಹೊತ್ತು ಹಿಡಿಯಿತು.

ಹೆದ್ದಾರಿಯಲ್ಲಿ ಮನೆಗಾಡಿ ಮುಂದೆ, ಅವಳು ಹಿಂದೆ. ಕ್ಲಿಫರ್ಡ್ ಎರಡೂ ಕಡೆಯ ದೀಪ ಮಿನುಗಿಸುತ್ತ ಎತ್ತಿನಗಾಡಿಯಂತೆ ಹೋಗುತ್ತಿದ್ದ. ಫೋನ್ ಬಾಯಿ ಮುಚ್ಚಲಿಲ್ಲ. "ಬಲಕ್ಕಿರು ನೊರೀನ್. ಗೇರ್ ಇಳಿಸು. ಹತ್ತಿರ ಬರಬೇಡ. ಅಷ್ಟು ದೂರ ಯಾಕೆ?" ಹಿಂದಿನ ಲಾರಿಗಳು ಹಾರ್ನ್ ಬಾರಿಸುತ್ತಿದ್ದವು, ಮನೆಗಾಡಿಗಲ್ಲ, ಅವಳಿಗೆ. ಕವೆ ಬಿಚ್ಚಿದ್ದನ್ನು ಅವನು ಇನ್ನೂ ನಂಬಿದಂತಿರಲಿಲ್ಲ.

ಅವಳು ಫೋನ್ ಆರಿಸಿದಳು. ಕನ್ನಡಿ ನೋಡಿ, ಎಡಕ್ಕೆ ಹೊರಳಿ, ಅವನನ್ನು ದಾಟಿದಳು. ಗಾಜಿನಾಚೆ ಅವನ ಬಾಯಿ ಆಡುತ್ತಿತ್ತು. ಏನೂ ಕೇಳಲಿಲ್ಲ. ಬಹಳ ದೂರ ಏನೂ ಕೇಳಲಿಲ್ಲ.

ಆಮೇಲೆ ನೆನಪಾಯಿತು. ಹೋಗಬೇಕಾದ ಶಿಬಿರದ ವಿಳಾಸ, ನಕಾಶೆ, ಚಹಾದ ಫ್ಲಾಸ್ಕು, ಎಲ್ಲ ಮನೆಗಾಡಿಯಲ್ಲೇ.

"ಥೂ," ಎಂದಳು ಗಟ್ಟಿಯಾಗಿ.

ಮುಂದಿನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದಳು. ಅವನು ಬರುವತನಕ ಕಾಯದೆ ಗತಿಯಿರಲಿಲ್ಲ. ಎಂಜಿನ್ ಮಾತ್ರ ಆರಿಸಲಿಲ್ಲ.