ತಾಳಿ, ಬರೀತಿದ್ದೀನಿ

ಇಪ್ಪತ್ತೊಂದು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಕೂಗಿದವಳ ಗಂಟಲನ್ನೇ ಕ್ಯಾನ್ಸರ್ ಹಿಡಿಯಿತು. ಡ್ರೈವರು, ಕಂಡಕ್ಟರುಗಳೆಲ್ಲ ಅವಳನ್ನು ಕರೆಯುತ್ತಿದ್ದದ್ದು ಮೈಕಕ್ಕ ಎಂದೇ. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆ ಹೋಯಿತು, ಜೀವ ಉಳಿಯಿತು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಗಂಟಲಿಗೆ ಒತ್ತಿ ಹಿಡಿದರೆ ಗುಂಯ್ ಎಂದು ಮಾತು ಹೊರಡಿಸುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಎರಡು ದಿನ ನೋಡಿ, ಜೀರುಂಡೆ ನುಂಗಿದವಳ ಹಾಗೆ ಕೇಳಿಸುತ್ತದೆಂದು ಅದನ್ನು ಡ್ರಾಯರಿಗೆ ಹಾಕಿದಳು.

ಬದಲಿಗೆ ಅವಳು ನಂಬಿದ್ದು ಅಂಗೈಯಗಲದ ಒಂದು ಟ್ಯಾಬನ್ನು. ಹಳೆಯದು. ಸಿಮ್ ಹಾಕಲು ಜಾಗವೇ ಇಲ್ಲ, ವೈಫೈ ಸಿಕ್ಕಲ್ಲಿ ಮಾತ್ರ ಇಂಟರ್ನೆಟ್. ಬರೆದದ್ದನ್ನು ಓದಿ ಹೇಳುವ ಒಂದು ಹೆಣ್ಣುದನಿ ಅದರೊಳಗಿತ್ತು. ಸತ್ತವರ ಸುದ್ದಿಯನ್ನೂ ಸೊಪ್ಪಿನ ಬೆಲೆಯನ್ನೂ ಒಂದೇ ರಾಗದಲ್ಲಿ ಹೇಳುವಂಥ ದನಿ.

"ಹೊಸ ಫೋನೇ ತಗೊಳ್ಳಕ್ಕ, ಇದೇನು ಆಟದ ಸಾಮಾನು?" ಎಂದಳು ತಂಗಿ. ಅಕ್ಕತಂಗಿಯರಿಬ್ಬರೇ ಒಂದು ಮನೆಯಲ್ಲಿದ್ದರು.

ಮೈಕಕ್ಕ ಬರೆದು ತೋರಿಸಿದಳು: "ಫೋನ್ ಬಂದ್ರೆ ಎತ್ತಿ ಏನು ಕೇಳಿಸ್ಲಿ? ಬುಸ್ ಬುಸ್ ಅಂತ ಉಸಿರಾ?"

ಟ್ಯಾಬಿಗಾಗಿಯೇ ಸಮವಸ್ತ್ರದ ಕೋಟಿಗೆ ಒಳಜೇಬು ಹೊಲಿದುಕೊಂಡಳು. ಬೆಳಿಗ್ಗೆ ಒಲೆಯ ಪಕ್ಕ ಚಾರ್ಜಿಗೆ ಹಾಕುವುದು, ಒದ್ದೆ ಬೆರಳಿಗೆ ಅದು ಓಗೊಡದಿದ್ದರೆ ಮನಸ್ಸಿನಲ್ಲೇ ಬಯ್ಯುವುದು, ತರಕಾರಿಯವನ ಮುಂದೆ ನಿಂತು ನಿಧಾನಕ್ಕೆ ಚೌಕಾಸಿ ಬರೆಯುವುದು. ಅವಳು ಬರೆದು ಮುಗಿಸುವುದನ್ನು ಕಾದು ಕಾದು ಅವನೇ ಸೋತು ಕೊಟ್ಟುಬಿಡುತ್ತಿದ್ದ. ಜಗಳ ಬಂದಾಗ ಮಾತ್ರ ಕಷ್ಟ. ಓದಬಾರದೆಂದು ತಂಗಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆಗ ಮೈಕಕ್ಕ ಸ್ಪೀಕರ್ ಜೋರು ಮಾಡಿ ಆ ಹೆಣ್ಣುದನಿಯಿಂದಲೇ ಬಯ್ಯಿಸುತ್ತಿದ್ದಳು. ಅಷ್ಟು ಸಮಾಧಾನದ ದನಿಯಲ್ಲಿ "ನಿನ್ನ ತಲೆಯಲ್ಲಿ ಹೊಟ್ಟು ತುಂಬಿದೆ" ಎಂದು ಕೇಳಿಸಿದರೆ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ.

ರಜೆ ಮುಗಿಸಿ ಹೋದಾಗ ಅವಳ ಕಿಟಕಿಯಲ್ಲಿ ಬೇರೊಬ್ಬರು ಕೂತಿದ್ದರು. ಮೈಕಕ್ಕನನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದ್ದರು. ಅಲ್ಲಿ ಹಳೇ ಟ್ರಿಪ್ ಶೀಟುಗಳ ಕಟ್ಟು, ಧೂಳು, ಒಂದು ಕುಂಟು ಸ್ಟೂಲು. ಧೂಳು ಕತ್ತಿನ ತೂತಿಗೇ ನೇರ ಹೋಗಿ ಕೆಮ್ಮು ಹತ್ತುತ್ತಿತ್ತು. ಒಂದು ವಾರ ತಡೆದಳು. ಎಂಟನೇ ದಿನ ಅರ್ಜಿ ಬರೆದಳು: ನನ್ನ ಕಿಟಕಿ ನನಗೆ ಕೊಡಿ.

ಹದಿನೈದು ದಿನಕ್ಕೆ ಆಫೀಸಿಗೆ ಬರಬೇಕೆಂದು ಪತ್ರ ಬಂತು. ಉದ್ದನೆಯ ಮೇಜಿನ ಆಚೆ ನಿಲ್ದಾಣದ ಮ್ಯಾನೇಜರು, ಆಫೀಸಿನ ಡಾಕ್ಟರು, ಟಿಪ್ಪಣಿ ಬರೆಯಲು ಒಬ್ಬ ಗುಮಾಸ್ತ. ಈಚೆ ಮೈಕಕ್ಕ, ಜೊತೆಗೆ ತಂಗಿ. ನೆರವಿಗೆ ಮನೆಯವರೊಬ್ಬರು ಬರಲಿ ಎಂದು ಪತ್ರದಲ್ಲೇ ಇತ್ತು.

ಮ್ಯಾನೇಜರು ಮೈಕಕ್ಕನ ಕಡೆ ತಿರುಗಲೇ ಇಲ್ಲ. ತಂಗಿಯನ್ನು ಕೇಳಿದರು: "ಮಾತೇ ಇಲ್ಲದೋರು ವಿಚಾರಣೆ ಕಿಟಕೀಲಿ ಕೂತು ಏನು ಮಾಡ್ತಾರಮ್ಮ? ಇವರಿಗಾದ್ರೂ ಏನನ್ಸುತ್ತೆ?"

ತಂಗಿ ಕೈ ಹೊಸಕಿದಳು. "ಅವಳಿಗೂ ಸಾಕಾಗಿದೆ ಸಾರ್. ಸ್ವಯಂ ನಿವೃತ್ತಿ ಕೊಟ್ಬಿಡಿ. ಮನೇಲಿ ಆರಾಮಾಗಿರ್ತಾಳೆ, ನಾನು ನೋಡ್ಕೋತೀನಿ."

ಮೈಕಕ್ಕನಿಗೆ ಒಳಗಿನಿಂದ ಉರಿ ಎದ್ದಿತು. ತಂಗಿಯ ಕಣ್ಣಲ್ಲಿ ನೀರಿತ್ತು, ಅವಳು ಪ್ರೀತಿಯಿಂದಲೇ ಹೇಳಿದ್ದಳು. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ಗುಮಾಸ್ತ ಆಗಲೇ ಬರೆಯತೊಡಗಿದ್ದ. ಮೈಕಕ್ಕ ಅಂಗೈಯಿಂದ ಮೇಜಿಗೆ ಒಂದು ಬಾರಿಸಿದಳು. ಮೂವರೂ ಬೆಚ್ಚಿ ನೋಡಿದರು. ಅವಳು ಟ್ಯಾಬ್ ತೆಗೆದು, ಯಾವಾಗಲೂ ಸಿದ್ಧವಾಗಿಟ್ಟುಕೊಂಡಿದ್ದ ಸಾಲನ್ನು ಮೊದಲು ತೋರಿಸಿದಳು: ತಾಳಿ, ಬರೀತಿದ್ದೀನಿ.

ಆಮೇಲೆ ಬರೆದಳು. ಮ್ಯಾನೇಜರು ಗಡಿಯಾರ ನೋಡಿದರು, ಡಾಕ್ಟರು ಕನ್ನಡಕ ಒರೆಸಿದರು. ಅವಳು ಅವಸರ ಮಾಡಲಿಲ್ಲ. ಇಪ್ಪತ್ತೊಂದು ವರ್ಷ ತಾನು ಜನರನ್ನು ಕಾಯಿಸದೆ ಉತ್ತರ ಕೊಟ್ಟಿದ್ದೆ, ಇವತ್ತು ಇವರು ನಾಲ್ಕು ನಿಮಿಷ ಕಾಯಲಿ ಎಂದುಕೊಂಡಳು. ತಪ್ಪಿದ್ದ ಒಂದು ಒತ್ತಕ್ಷರವನ್ನೂ ತಿದ್ದಿ, ಸ್ಪೀಕರ್ ಒತ್ತಿದಳು.

"ಅದು ನನ್ನ ತಂಗಿಯ ಮಾತು, ನನ್ನದಲ್ಲ," ಎಂದಿತು ಹೆಣ್ಣುದನಿ. "ನನಗೆ ಸಾಕಾಗಿಲ್ಲ. ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿಂದ, ಇವು ಗಂಟಲಲ್ಲಿರಲಿಲ್ಲ, ತಲೆಯಲ್ಲಿದ್ದವು. ಈಗಲೂ ಇವೆ. ಕೇಳಬೇಕಾದ್ದು ನನ್ನನ್ನು ಕೇಳಿ. ಉತ್ತರ ಬರುವ ತನಕ ನನ್ನ ಮುಖ ನೋಡಿ."

ಡಾಕ್ಟರು ಗುಮಾಸ್ತನಿಗೆ ಹೇಳಿದರು, "ಬರೆದಿದ್ದನ್ನ ಹೊಡೆದುಹಾಕಿ. ಇದನ್ನ ಬರ್ಕೊಳ್ಳಿ."

ಒಂದು ವಾರ ಪರೀಕ್ಷೆಗೆ ಕೂರಿಸುವುದೆಂದಾಯಿತು. ಕಿಟಕಿ ಅವಳದು, ಮೈಕು ಮಾತ್ರ ಬದಲಿಗೆ ಬಂದವನದು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅಕ್ಕತಂಗಿಯರು ಬೇರೆ ಬೇರೆ ಸೀಟಿನಲ್ಲಿ ಕೂತರು.

ಮೊದಲ ದಿನ ಸಾಲು ನಿಲ್ದಾಣದ ಬಾಗಿಲು ಮುಟ್ಟಿತು. ಮೂಕರಿಗೆ ಕಿವಿಯೂ ಕೇಳದೆಂದು ಎಲ್ಲರೂ ಕಿರುಚಿ ಕಿರುಚಿ ಕೇಳುತ್ತಿದ್ದರು. ಒಬ್ಬ ಧಡೂತಿ ಆಸಾಮಿ ಗಾಜಿಗೆ ಬಾಯಿಟ್ಟು ಅರಚಿದಾಗ ಅವಳು ಬರೆದು ತಿರುಗಿಸಿದಳು: "ಮೂರನೇ ಪ್ಲಾಟ್‌ಫಾರಂ, ಹನ್ನೊಂದು ಹತ್ತಕ್ಕೆ. ನನ್ನ ಕಿವಿ ಚೆನ್ನಾಗಿವೆ." ಸಾಲಿನಲ್ಲಿದ್ದವರು ನಕ್ಕರು, ಅವನೂ ನಕ್ಕ. ಮಾರನೇ ದಿನದಿಂದ ಹೆಚ್ಚು ಕೇಳುವ ಉತ್ತರಗಳನ್ನೆಲ್ಲ ಮೊದಲೇ ಬರೆದಿಟ್ಟುಕೊಂಡಳು. ತಡವಾದ ಬಸ್ಸು ಎಲ್ಲಿ ಬರುತ್ತಿದೆಯೆಂದು ನಿಲ್ದಾಣದ ವೈಫೈಯಲ್ಲೇ ನೋಡಿ ತೋರಿಸಿದಳು. ಸಾಲು ಕರಗತೊಡಗಿತು.

ನಾಲ್ಕನೇ ದಿನ ಮಧ್ಯಾಹ್ನ, ನಾಲ್ಕನೇ ಪ್ಲಾಟ್‌ಫಾರಮ್ಮಿನಲ್ಲಿ ಒಂದು ಬಸ್ಸು ಕೆಟ್ಟು ನಿಂತು, ಹಿಂದೆ ಬಂದದ್ದನ್ನು ಒಂಬತ್ತನೇ ಪ್ಲಾಟ್‌ಫಾರಮ್ಮಿಗೆ ಕಳಿಸಿದರು. ಜನರೆಲ್ಲ ಗಂಟುಮೂಟೆ ಇಟ್ಟುಕೊಂಡು ನಾಲ್ಕರಲ್ಲೇ ಕಾಯುತ್ತಿದ್ದರು. ಮೈಕಿನವನು ಊಟಕ್ಕೆ ಹೋಗಿದ್ದ. ಒಂಬತ್ತರಲ್ಲಿ ಡ್ರೈವರು ಎಂಜಿನ್ ಶುರುಮಾಡಿದ್ದ. ಮೈಕಕ್ಕ ಹಿಂದೆಮುಂದೆ ನೋಡಲಿಲ್ಲ. ಸರಸರನೆ ಬರೆದು, ಮೈಕಿನ ಗುಂಡಿ ಒತ್ತಿ, ಟ್ಯಾಬನ್ನು ಅದರ ಬಾಯಿಗೆ ಹಿಡಿದಳು.

"ನಾಲ್ಕನೇ ಪ್ಲಾಟ್‌ಫಾರಮ್ಮಿನ ಪ್ರಯಾಣಿಕರ ಗಮನಕ್ಕೆ. ನಿಮ್ಮ ಬಸ್ಸು ಒಂಬತ್ತರಲ್ಲಿದೆ. ಈಗಲೇ ಹೊರಡುತ್ತಿದೆ. ಓಡಿ."

'ಓಡಿ' ಎಂಬುದನ್ನು ಆ ದನಿ ಜೋಗುಳದ ಹಾಗೆ ಹೇಳಿತು. ಆದರೂ ಜನ ಎದ್ದುಬಿದ್ದು ಓಡಿದರು. ಕೊನೆಯ ಅಜ್ಜಿಯನ್ನು ಕಂಡಕ್ಟರು ಕೈಹಿಡಿದು ಹತ್ತಿಸಿಕೊಂಡ.

ಮ್ಯಾನೇಜರು ಮೆಟ್ಟಿಲಿಳಿದು ಬಂದರು. "ಮೈಕ್ ಮುಟ್ಟೋಕೆ ಯಾರು ಹೇಳಿದ್ದು?"

ಅವಳು ಬರೆದಳು: "ಯಾರೂ ಇಲ್ಲ. ಕೇಳ್ತಾ ಕೂತಿದ್ರೆ ಬಸ್ಸು ಹೋಗಿರ್ತಿತ್ತು."

"ಬರೆದು ಕೊಡಿ ಅದನ್ನ!"

"ಕೊಟ್ಟಿದ್ದೀನಲ್ಲ ಸಾರ್. ಓದಿ."

ಪರದೆ ನೋಡಿ, ಕಿಟಕಿಯ ಮುಂದೆ ನಿಂತ ಸಾಲು ನೋಡಿ, ಅವರು ಬಂದ ದಾರಿಯಲ್ಲೇ ಹೋದರು. ಮುಂದಿನ ಸೋಮವಾರ ಆದೇಶ ಬಂತು: ಕಿಟಕಿ ಅವಳಿಗೇ ಕಾಯಂ. ಮೈಕಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಬೇಡ ಎಂದಿಲ್ಲವಲ್ಲ ಎಂದು ಅವಳು ಅವತ್ತೇ ಮೂರು ಸಲ ಕೂಗಿಸಿದಳು.

ಸಂಜೆ ತಂಗಿ ನಿಲ್ದಾಣಕ್ಕೆ ಬಂದಳು. ಕಂಬದ ಸ್ಪೀಕರಿನಿಂದ ಬಂದ ಪ್ರಕಟಣೆಯನ್ನು ಪೂರ್ತಿ ಕೇಳಿಸಿಕೊಂಡು ಕಿಟಕಿಗೆ ಬಂದು ನಿಂತಳು.

"ನಿನ್ನ ದನಿ ಇನ್ನೂ ಚೆನ್ನಾಗಿತ್ತು ಅಕ್ಕ," ಎಂದಳು. ಆಮೇಲೆ, "ಅವತ್ತು ನಾನು ನಿನ್ನನ್ನೇ ಕೇಳ್ಬೇಕಿತ್ತು."

ಮೈಕಕ್ಕ ಬರೆಯಲು ಹೊರಟಳು. ತಂಗಿ ಗಾಜಿಗೆ ಒರಗಿ ನಿಂತು, ಅವಳ ಮುಖವನ್ನೇ ನೋಡುತ್ತ ಕಾದಳು.