ಇಪ್ಪತ್ತಮೂರನೇ ಬಟ್ಟಲು

ನನ್ನನ್ನು ಎಲ್ಲರೂ ರೇಡಿಯೋ ಅಂತ ಕರೆಯುತ್ತಾರೆ. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಬಾಯಿ ಮಲಗುವವರೆಗೆ ನಿಲ್ಲುವುದಿಲ್ಲ ಎಂಬುದು ಅವರ ದೂರು. ನನ್ನ ರೂಂಮೇಟ್‌ಗೆ ಗೋಡೆ ಅಂತ ಹೆಸರಿಟ್ಟಿದ್ದಾರೆ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ, ಎರಡು ಮಂಚಗಳ ನಡುವೆ ಎರಡು ಮೊಳ ಜಾಗ ಬಿಟ್ಟುಕೊಂಡು, ರೇಡಿಯೋ ಮತ್ತು ಗೋಡೆ ಮೂರು ವರ್ಷ ಕಳೆದಿದ್ದೇವೆ. ಅವಳು ಬಾಯಿ ಬಿಟ್ಟು ಮಾತಾಡುವುದು ಭಾನುವಾರ ಮಾತ್ರ, ಅದೂ ಅವಳಮ್ಮನ ಜೊತೆ. ಆಸ್ಪತ್ರೆಯಲ್ಲಿ ಆಯಾ ಆಗಿರುವ ಆ ತಾಯಿ ಡ್ಯೂಟಿ ಮುಗಿಸಿ ಫೋನ್ ಮಾಡುತ್ತಾರೆ. ಇವಳು ಕಿಟಕಿಯ ಹತ್ತಿರ ನಿಂತು "ಹ್ಞೂಂ ಅಮ್ಮ, ಊಟ ಆಯ್ತಮ್ಮ, ಓದ್ತಿದೀನಮ್ಮ" ಅನ್ನುತ್ತಾಳೆ. ಮುಗಿಯಿತು, ಮತ್ತೆ ಮುಂದಿನ ಭಾನುವಾರವೇ.

ಈಗ ಹೇಳುತ್ತಿರುವುದು ನಾನು ಮಾಡಿದ ಕೆಲಸ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅವಳ ಪುಸ್ತಕದಿಂದ ಕದ್ದೆ.

ರಸಾಯನಶಾಸ್ತ್ರದ ಕೊನೆಯ ವರ್ಷದಲ್ಲಿ ಒಂದು ಪ್ರಯೋಗ ಇದೆ. ಒಬ್ಬೊಬ್ಬರಿಗೂ ನಂಬರ್ ಬರೆದ ಒಂದೊಂದು ಪಿಂಗಾಣಿ ಬಟ್ಟಲು ಕೊಡುತ್ತಾರೆ. ಖಾಲಿ ಬಟ್ಟಲು ತೂಗಬೇಕು, ಪುಡಿ ಹಾಕಬೇಕು, ಕಾಯಿಸಬೇಕು, ಆರಿಸಬೇಕು, ಮತ್ತೆ ತೂಗಬೇಕು. ತೂಕ ಇಳಿಯುವುದು ನಿಲ್ಲುವ ತನಕ ಇದೇ ಗಾಣ. ಪುಡಿಯಲ್ಲಿ ಎಷ್ಟು ನೀರಿತ್ತು ಅಂತ ಕೊನೆಗೆ ಲೆಕ್ಕ ಹಾಕಿ ವರದಿ ಬರೆಯಬೇಕು. ಮೂರು ದಿನದ ಕೆಲಸ. ಆ ಮೂರು ದಿನವೂ ನಾನು ವಿದ್ಯಾರ್ಥಿ ಸಂಘದ ನಾಟಕದ ರಿಹರ್ಸಲ್‌ನಲ್ಲಿದ್ದೆ. ನಾನೊಬ್ಬಳೇ ಅಲ್ಲ, ಕ್ಯಾಂಟೀನಿನ ಮೂಲೆ ಟೇಬಲ್ಲಿನವರು ಅಷ್ಟೂ ಜನ ಅಲ್ಲೇ ಇದ್ದೆವು. ಬಟ್ಟಲು ತೆಗೆದುಕೊಂಡೆವು, ರಿಜಿಸ್ಟರಿಗೆ ಸಹಿ ಹಾಕಿದೆವು, ಹಿಂದಿನ ಬಾಗಿಲಿನಿಂದ ಜಾರಿದೆವು.

ಆ ಟೇಬಲ್ಲಿನ ಬಗ್ಗೆ ಹೇಳಬೇಕು. ನಮ್ಮ ವಿಭಾಗದಲ್ಲಿ ಅಲ್ಲಿ ಕೂರುವವರು ಮನುಷ್ಯರು, ಉಳಿದವರು ಹಾಜರಿ ಪುಸ್ತಕದ ನಂಬರುಗಳು. ನಾನು ಬಾಯಿಯ ಬಲದಿಂದ ಎರಡನೇ ವರ್ಷದಲ್ಲಿ ಅಲ್ಲಿಗೆ ಸೇರಿದವಳು. ಹನ್ನೊಂದನೇ ಕುರ್ಚಿ ನನ್ನದು, ಅದನ್ನು ದಿನಾ ಪಕ್ಕದ ಟೇಬಲ್ಲಿನಿಂದ ಎಳೆದುಕೊಳ್ಳಬೇಕಿತ್ತು. ಅಲ್ಲಿನ ಯಜಮಾನನಿಗೆ ಎಲ್ಲರೂ ಅಣ್ಣ ಅನ್ನುತ್ತಿದ್ದರು. ಒಂದು ವರ್ಷ ಫೇಲಾಗಿ ನಮ್ಮ ಜೊತೆ ಬಂದು ಕೂತಿದ್ದರಿಂದ ಬಂದ ಹಿರಿತನ ಅದು.

ವರದಿ ಕೊಡುವ ಹಿಂದಿನ ದಿನ ಅಣ್ಣ ಚಹಾದ ಲೋಟ ಕೆಳಗಿಟ್ಟು, "ಅಲ್ವೇ ರೇಡಿಯೋ, ಚಿನ್ನದ ಗಣಿ ಪಕ್ಕದಲ್ಲೇ ಮಲಗ್ತೀಯ. ನಾವಿಲ್ಲಿ ಭಿಕ್ಷೆ ಎತ್ತೋದಾ?" ಅಂದ. ಎಲ್ಲರೂ ನನ್ನ ಕಡೆ ನೋಡಿದರು. ಹಾಗೆ ಹತ್ತು ಜನ ಒಟ್ಟಿಗೆ ನನ್ನನ್ನು ಯಾವತ್ತೂ ನೋಡಿರಲಿಲ್ಲ. ಖುಷಿಯಾಯಿತು, ಥೂ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಅವಳು ಬಕೆಟ್ ಹಿಡಿದು ಸ್ನಾನಕ್ಕೆ ಹೋದಳು. "ಅವಳು ಸ್ನಾನಕ್ಕೆ ಹೋದ್ಲು, ಈಗ ತೆಗೀತೀನಿ" ಅಂತ ಅಣ್ಣನಿಗೆ ಮೆಸೇಜ್ ಹಾಕಿದೆ. "ಬೇಗ" ಅಂತ ಬಂತು. ಅವಳ ಲ್ಯಾಬ್ ಪುಸ್ತಕದ ಎರಡು ಪುಟದ ಫೋಟೋ ತೆಗೆದೆ. ಗುಂಪಿಗೆ ಕಳಿಸುವಾಗ ಕದ್ದದ್ದು ಅಂತ ಬರೆಯಲು ಮನಸ್ಸು ಬರಲಿಲ್ಲ. "ಗೋಡೆ ಪ್ರೀತಿಯಿಂದ ಕೊಟ್ಟಿದ್ದಾಳೆ, ಬರ್ಕೊಳ್ರಪ್ಪಾ" ಅಂತ ಬರೆದೆ. ಒಂಬತ್ತು ಜನ ಅದನ್ನು ನಂಬಿದರು.

ಬುಧವಾರ ಲ್ಯಾಬಿನ ಮೇಡಂ ಹನ್ನೊಂದು ವರದಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಅವರ ದನಿ ಬಹಳ ಮೆತ್ತಗಿತ್ತು, ಅದೇ ಹೆದರಿಕೆ. "ನಿಮ್ಮ ಹನ್ನೊಂದು ಜನರ ಖಾಲಿ ಬಟ್ಟಲೂ ಒಂದೇ ತೂಕ ಇದೆಯಲ್ಲ, ದಶಾಂಶದ ನಾಲ್ಕನೇ ಸ್ಥಾನದ ತನಕ! ಏನು, ಎಲ್ಲ ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ್ವಾ?"

ತರಗತಿ ಗೊಳ್ಳೆಂದು ನಕ್ಕಿತು. ವಾಕ್ಯಗಳನ್ನು ಹಿಂದೆ ಮುಂದೆ ಮಾಡಿದ್ದೆವು, ಒಬ್ಬೊಬ್ಬರು ಒಂದೊಂದು ಬಣ್ಣದ ಶಾಯಿಯಲ್ಲಿ ಬರೆದಿದ್ದೆವು, ಒಬ್ಬ ಮಹಾನುಭಾವ ಪುಟದ ಮೇಲೆ ಚಹಾದ ಕಲೆ ಕೂಡ ಮಾಡಿಕೊಂಡಿದ್ದ. ಬಟ್ಟಲು ಮಾತ್ರ ಯಾರಿಗೂ ಹೊಳೆಯಲಿಲ್ಲ. ಒಂದು ಸಲವಾದರೂ ಬಟ್ಟಲು ತೂಗಿದವರಿಗೆ ಎರಡು ಬಟ್ಟಲು ಒಂದೇ ತೂಕ ಇರುವುದಿಲ್ಲ ಅಂತ ಗೊತ್ತಿರುತ್ತದೆ. ನಾವು ತೂಗಿರಲೇ ಇಲ್ಲವಲ್ಲ.

ಅಟೆಂಡರ್ ಬಟ್ಟಲಿನ ನಂಬರು, ತೂಕ, ಸಹಿ ಎಲ್ಲ ಇರುವ ರಿಜಿಸ್ಟರ್ ತಂದರು. ಆ ತೂಕ ಇಪ್ಪತ್ತಮೂರನೇ ಬಟ್ಟಲಿನದು. ಅದರ ಮುಂದೆ ನನ್ನ ರೂಂಮೇಟ್‌ನ ಸಹಿ ಇತ್ತು.

ಇಲ್ಲಿಗೆ ನಿಂತಿದ್ದರೆ ಅದು ಕಾಪಿ ಹೊಡೆದವರ ಕಥೆಯಾಗುತ್ತಿತ್ತು. ನಿಲ್ಲಲಿಲ್ಲ. ನಮ್ಮ ಹನ್ನೊಂದು ಜನರ ಕೊನೆಯ ಉತ್ತರ ತಪ್ಪಾಗಿತ್ತು, ಅವಳದು ಮಾತ್ರ ಸರಿ ಇತ್ತು. ಅವಳು ಮೊದಲು ಪೆನ್ಸಿಲ್ಲಿನಲ್ಲಿ ಬರೆಯುತ್ತಾಳೆ, ಮತ್ತೆ ಹೋಗಿ ತೂಗಿ ನೋಡಿ ಪೆನ್ನಿನಲ್ಲಿ ತಿದ್ದುತ್ತಾಳೆ. ಕೊನೆಯ ಸಲ ಬಟ್ಟಲು ಪೂರ್ತಿ ಆರುವ ಮುಂಚೆ ತೂಗಿದ್ದಳಂತೆ. ಅನುಮಾನ ಬಂದು, ನಾನು ಫೋಟೋ ತೆಗೆದ ದಿನವೇ ಎಂಟು ಗಂಟೆಗೆ ಲ್ಯಾಬಿಗೆ ಹೋಗಿ ಮತ್ತೆ ತೂಗಿದ್ದಳು. ಮೂರು ವರ್ಷ ಅವಳ ಪಕ್ಕದಲ್ಲಿ ಮಲಗಿದ ನನಗೆ ಈ ಅಭ್ಯಾಸವೇ ಗೊತ್ತಿರಲಿಲ್ಲ.

"ನೋಡಿದ್ರಾ? ತಾನು ಸರಿ ಬರ್ಕೊಂಡು ನಮಗೆ ತಪ್ಪು ಕೊಟ್ಟಿದಾಳೆ!" ಮೂಲೆ ಟೇಬಲ್ ಕುದಿಯಿತು.

"ಬೇಕಂತಲೇ ಮಾಡಿದಾಳೆ. ಮೂಗಿ ಹಾಗಿರ್ತಾಳಲ್ಲ, ಅಂಥವರೇ ಡೇಂಜರ್."

"ಹಾಗಿರಲಿಕ್ಕಿಲ್ಲ ಕಣ್ರೋ," ಅಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅವತ್ತು ರೇಡಿಯೋದ ಬ್ಯಾಟರಿ ಹೋಗಿತ್ತು.

ಸಂಜೆ ನೋಟಿಸ್ ಬೋರ್ಡಿನಲ್ಲಿ ಚೀಟಿ ಬಂತು. ಶುಕ್ರವಾರ ಹತ್ತು ಗಂಟೆಗೆ ವಿಚಾರಣೆ. ಕಾಪಿ ಮಾಡಿದ್ದು ಸಾಬೀತಾದರೆ ವಿಷಯವೂ ಹೋಯಿತು, ವರ್ಷವೂ ಹೋಯಿತು. ಮೋಸಹೋಗಿ ಬರೆದಿದ್ದರೆ ಪ್ರಯೋಗ ಮತ್ತೆ ಮಾಡಬಹುದು, ಅರ್ಧ ಅಂಕ. ಬೇಕೆಂದೇ ಸುಳ್ಳು ಅಳತೆ ಹಂಚಿದವರಿಗೆ ವಿಶ್ವವಿದ್ಯಾಲಯದಿಂದಲೇ ಗೇಟ್‌ಪಾಸ್. ಅವಳಿಗೆ ಮುಂದಿನ ವರ್ಷಕ್ಕೆ ಸಂಶೋಧನೆಯ ಸೀಟು ಸಿಕ್ಕಿತ್ತು, ನಮ್ಮ ಇಡೀ ವಿಭಾಗಕ್ಕೆ ಸಿಕ್ಕಿದ್ದು ಅದೊಂದೇ. ಶುಕ್ರವಾರ ಅವಳ ಮೇಲೆ ತಪ್ಪು ಬಿದ್ದರೆ ಅದೂ ಇಲ್ಲ, ಡಿಗ್ರಿಯೂ ಇಲ್ಲ.

ಗುರುವಾರ ಮಧ್ಯಾಹ್ನ ಅಣ್ಣ ಒಂದು ಪತ್ರ ಬರೆದು ತಂದ. "ಈಕೆ ತಾನಾಗಿಯೇ ನಮಗೆ ಅಳತೆಗಳನ್ನು ಕೊಟ್ಟು, ಇವೇ ಸರಿ ಎಂದು ನಂಬಿಸಿದಳು." ಕೆಳಗೆ ಹತ್ತು ಸಹಿ. ತಾನು ತಿಂದು ಮೇಕೆ ಬಾಯಿಗೆ ಒರೆಸುವುದು ಅಂದರೆ ಇದೇ. ಪೆನ್ನು ನನ್ನ ಮುಂದೆ ಬಂತು.

"ನೀನು ಅವಳ ರೂಂಮೇಟು. ನಿನ್ನ ಸಹಿ ಇಲ್ದಿದ್ರೆ ಯಾರೂ ನಂಬಲ್ಲ," ಅಂದ ಅಣ್ಣ. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ, "ಬಾಯಿ ಬಿಟ್ಟರೆ ನೀನೊಬ್ಳೇ ಮುಳುಗಲ್ಲ, ಎಲ್ರನ್ನೂ ಮುಳುಗಿಸ್ತೀಯ," ಅಂದ.

ಅದೇ ಹೊತ್ತಿಗೆ ಅಪ್ಪನ ಫೋನು. ನಮ್ಮಪ್ಪ ಲಿಫ್ಟ್ ರಿಪೇರಿ ಮಾಡುತ್ತಾರೆ. ಯಾವುದೋ ಕಟ್ಟಡದ ಏಳನೇ ಮಹಡಿಯಿಂದ ಕೂಗುತ್ತಿದ್ದರು. "ಪಾಸಾದ್ರೆ ಸಾಕು ಮಗಳೇ, ನಂಗೇನೂ ಆಸೆ ಇಲ್ಲ. ಫಸ್ಟ್ ಕ್ಲಾಸ್ ಬಂದ್ರೆ ಇನ್ನೂ ಸಾಕು. ನಿನ್ ಚಿಕ್ಕಪ್ಪನ ಮಗಳಿಗೆ ಬಂದಿದೆ, ಹಾಗಂತ ನಾನೇನೂ ಹೇಳ್ತಿಲ್ಲಪ್ಪ." ಹ್ಞೂಂ ಅಪ್ಪ ಅಂದು ಫೋನ್ ಇಟ್ಟು ಸಹಿ ಹಾಕಿದೆ. ಹನ್ನೊಂದನೇ ಸಹಿ.

ಕೋಣೆಗೆ ಹೋದಾಗ ಅವಳು ಮಂಚದ ಮೇಲೆ ಟವೆಲ್ ಹಾಸಿ ಬಿಳಿ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಒಂದೇ ತೋಳನ್ನು ಮತ್ತೆ ಮತ್ತೆ ಉಜ್ಜುತ್ತಿದ್ದಳು.

"ನಾಳೆ ನೀನೂ ಬರ್ತೀಯಲ್ಲ?" ಅಂದಳು.

"ಹ್ಞೂಂ. ಎಲ್ರೂ ಬರ್ಬೇಕಂತೆ."

"ಅಮ್ಮಂಗೆ ಹೇಳಿಲ್ಲ ನಾನು. ಬಿಪಿ ಇದೆ ಅವರಿಗೆ." ಅಂಗಿ ಮಗುಚಿ ಹಾಕಿ, "ನೀನು ಇರ್ತೀಯಲ್ಲ, ಧೈರ್ಯ," ಅಂದಳು.

ಮೂರು ವರ್ಷದಲ್ಲಿ ಅವಳು ನನ್ನ ಜೊತೆ ಇಷ್ಟು ಮಾತಾಡಿದ್ದು ಅದೇ ಮೊದಲು. ಆಗಲೇ ಹೇಳಿಬಿಡಬಹುದಿತ್ತು. ತಲೆನೋವು ಅಂತ ಹೇಳಿ ಹೊದ್ದು ಮಲಗಿದೆ. ಅವಳು ಇಸ್ತ್ರಿ ಪೆಟ್ಟಿಗೆ ಆರಿಸಿ, ನನಗೆ ಗಾಳಿ ಬರಲಿ ಅಂತ ಕಿಟಕಿ ತೆಗೆದಳು.

ಶುಕ್ರವಾರ. ಉದ್ದನೆಯ ಮೇಜಿನ ಆಚೆ ವಿಭಾಗದ ಮುಖ್ಯಸ್ಥರು, ಲ್ಯಾಬಿನ ಮೇಡಂ, ಆಫೀಸಿನವರೊಬ್ಬರು. ಈಚೆ ಗೋಡೆಗುಂಟ ನಾವು ಹನ್ನೊಂದು ಜನ. ನಡುವೆ ಒಂದು ಕುರ್ಚಿ, ಅದರಲ್ಲಿ ಬಿಳಿ ಅಂಗಿಯ ಅವಳು. ಮುಖ್ಯಸ್ಥರು ಪತ್ರ ಓದಿದರು, ಸಹಿಗಳ ಹೆಸರನ್ನೂ ಒಂದೊಂದಾಗಿ ಓದಿದರು. ನನ್ನ ಹೆಸರು ಕೊನೆಗೆ ಬಂತು. ಅವಳ ಕತ್ತು ಸ್ವಲ್ಪ ಅಲುಗಿತು, ತಿರುಗಲಿಲ್ಲ.

"ಏನಮ್ಮ ಹೇಳ್ತೀಯ ಇದಕ್ಕೆ?"

"ನಾನು ಕೊಟ್ಟಿಲ್ಲ ಸರ್."

"ಮತ್ತೆ ನಿನ್ನ ಪುಸ್ತಕದ ಪುಟ ಇವರ ಕೈಗೆ ಹೇಗೆ ಹೋಯ್ತು? ಕಾಲು ಬಂದು ನಡ್ಕೊಂಡು ಹೋಯ್ತಾ?"

"ಗೊತ್ತಿಲ್ಲ ಸರ್."

"ನಿನ್ನ ಕೋಣೆಗೆ ಯಾರು ಬರ್ತಾರೆ?"

"ಯಾರೂ ಬರಲ್ಲ ಸರ್. ನನ್ನ ರೂಂಮೇಟ್ ಒಬ್ಳೇ." ತಡೆದು ಹೇಳಿದಳು: "ಅವಳು ಕದಿಯೋಳಲ್ಲ ಸರ್. ಅವಳ ಸಹಿ ಅದರಲ್ಲಿ ಹೇಗೆ ಬಂತೋ, ಯಾರೋ ಹೆದರಿಸಿರ್ಬೇಕು."

ಅಯ್ಯೋ ಮಾರಾಯ್ತಿ, ಬೈದುಬಿಡಬಾರದಿತ್ತಾ ನನ್ನನ್ನು!

"ನಾನೇ ಸರ್," ಅಂದೆ. ಎದ್ದು ನಿಂತಿದ್ದೇನೆ ಅನ್ನುವುದು ಅಂದ ಮೇಲೆ ಗೊತ್ತಾಯಿತು. "ಫೋಟೋ ತೆಗೆದಿದ್ದು ನಾನು. ಅವಳಿಗೆ ಗೊತ್ತೇ ಇಲ್ಲ."

"ಸರ್, ಇವಳು ಸುಳ್ಳು ಹೇಳ್ತಿದಾಳೆ," ಅಣ್ಣ ಥಟ್ಟನೆ ಎದ್ದ. "ಫ್ರೆಂಡ್‌ನ ಉಳಿಸೋಕೆ. ಗುಂಪಿಗೆ ಇವಳೇ ಹಾಕಿರೋ ಮೆಸೇಜ್ ನೋಡಿ ಸರ್, 'ಗೋಡೆ ಪ್ರೀತಿಯಿಂದ ಕೊಟ್ಟಿದ್ದಾಳೆ' ಅಂತ."

ಫೋನು ಮೇಜಿನ ಮೇಲೆ ಹೋಯಿತು. ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು ಓದಿದರು. "ಮೆಸೇಜ್‌ನಲ್ಲಿ ಕೊಟ್ಟಳು ಅಂತೀಯ. ನಿನ್ನೆ ಕೊಟ್ಟಳು ಅಂತ ಸಹಿ ಹಾಕ್ತೀಯ. ಇವತ್ತು ಕದ್ದೆ ಅಂತೀಯ. ಯಾವುದನ್ನ ನಂಬ್ಲಿ?"

ನನ್ನ ಸುಳ್ಳು ಎಷ್ಟು ಗಟ್ಟಿಯಾಗಿ ನಿಂತಿತ್ತೆಂದರೆ ನನ್ನ ನಿಜಕ್ಕೆ ಕೂರಲು ಜಾಗವೇ ಇರಲಿಲ್ಲ. ಅಣ್ಣ ನನ್ನ ಕಡೆ ನೋಡಿ ಕೂತ್ಕೋ ಅನ್ನುವ ಹಾಗೆ ಕಣ್ಣು ಮಾಡಿದ. ಆ ಕಣ್ಣು ನೋಡಿಯೇ ನೆನಪಾಯಿತು.

ನನ್ನ ಫೋನ್ ತೆಗೆದೆ. ಮೇಡಂ ಮುಂದೆ ಹಿಡಿದೆ. ಅವರು ಗಟ್ಟಿಯಾಗಿ ಓದಿದರು. "ಅವಳು ಸ್ನಾನಕ್ಕೆ ಹೋದ್ಲು, ಈಗ ತೆಗೀತೀನಿ. ಆರು ಐವತ್ತೆರಡು." ಆಮೇಲೆ, "ಬೇಗ. ಆರು ಐವತ್ತಮೂರು." ಆ "ಬೇಗ" ಯಾರದು ಅಂತ ಕೇಳುವ ಕೆಲಸವೇ ಇರಲಿಲ್ಲ, ಹೆಸರು ಮೇಲೇ ಇತ್ತು. ಉಳಿದ ಒಂಬತ್ತು ಜನ ಅಣ್ಣನ ಕಡೆ ತಿರುಗಿದರು.

"ಈ ಹುಡುಗಿ ಎಂಟು ಗಂಟೆಗೆ ಮತ್ತೆ ತೂಗೋಕೆ ಬಂದಿದಾಳೆ ಸರ್, ರಿಜಿಸ್ಟರಿನಲ್ಲಿದೆ," ಅಂದರು ಮೇಡಂ. "ಆರು ಐವತ್ತೆರಡಕ್ಕೆ ತಪ್ಪು ಅಂತ ಅವಳಿಗೇ ಗೊತ್ತಿರಲಿಲ್ಲ."

ಹನ್ನೆರಡು ಗಂಟೆಗೆ ಮುಗಿಯಿತು. ಒಂಬತ್ತು ಜನರಿಗೆ ಅರ್ಧ ಅಂಕ, ಮತ್ತೆ ಪ್ರಯೋಗ. ನನಗೂ ಅಣ್ಣನಿಗೂ ವರ್ಷ ಹೋಯಿತು. ಅವನಿಗೆ ಇನ್ನೂ ಒಂದು ವರ್ಷ ಹಿರಿತನ ಬಂತು. ಅವಳ ಮೇಲೆ ಏನೂ ಇಲ್ಲ, ಸೀಟು ಉಳಿಯಿತು. ಕಾರಿಡಾರಿನಲ್ಲಿ ಒಂಬತ್ತು ಜನ ನನ್ನ ಪಕ್ಕದಲ್ಲೇ ಹಾದುಹೋದರು, ಒಬ್ಬರೂ ಮುಖ ಎತ್ತಲಿಲ್ಲ. ಅಪ್ಪನಿಗೆ ಏನು ಹೇಳಲಿ ಅಂತ ಯೋಚಿಸುತ್ತಾ ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ದೆ. ಕದ್ದೆ ಅಂತಲೇ ಹೇಳಿದೆ. ಅಪ್ಪ ಕೆಲಸ ಇದೆ ಅಂತ ಇಟ್ಟರು.

ಕೋಣೆಗೆ ಬಂದರೆ ಅವಳ ಮಂಚ ಖಾಲಿ. ಹಾಸಿಗೆ ಸುತ್ತಿತ್ತು, ಸೂಟ್‌ಕೇಸ್ ಬಾಗಿಲ ಹತ್ತಿರ ನಿಂತಿತ್ತು. ವಾರ್ಡನ್ ಹತ್ತಿರ ಬೇರೆ ಕೋಣೆ ಕೇಳಿಕೊಂಡಿದ್ದಳು.

"ತಪ್ಪಾಯ್ತು ಕಣೆ," ಅಂದೆ.

ಅವಳು ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದಳು. "ಕೇಳಬಹುದಿತ್ತಲ್ಲ ನನ್ನ?"

"ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿದ್ದೆ." ಗಂಟು ಬಿಗಿಯುತ್ತಾ ಹೇಳಿದಳು: "ಜೊತೆಗೆ ಕೂತು ಹೇಳಿಕೊಡ್ತಿದ್ದೆ. ಮೂರು ವರ್ಷ ಆಯ್ತು, ನೀವು ಅಲ್ಲಿ ನಗ್ತಾ ಕೂತಿರೋದನ್ನ ದೂರದಿಂದ ನೋಡ್ತೀನಿ. ಯಾರಾದ್ರೂ ಏನಾದ್ರೂ ಕೇಳ್ಕೊಂಡು ಬರ್ಲಿ ಅಂತ ಕಾದೆ. ಪೆನ್ನಾದ್ರೂ ಕೇಳ್ಲಿ, ಸೋಪಾದ್ರೂ ಕೇಳ್ಲಿ. ಒಬ್ರೂ ಕೇಳ್ಲಿಲ್ಲ."

ಅವಳು ಸೂಟ್‌ಕೇಸಿನ ಹಿಡಿ ಎತ್ತಿದಾಗ ಅಡ್ಡ ನಿಂತೆ.

"ಈಗ ಕೇಳ್ತಿದೀನಿ. ಹೋಗ್ಬೇಡ."

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು.

"ಇದೊಂದು ಕೊಡಕ್ಕಾಗಲ್ಲ ಕಣೆ," ಅಂದಳು.

ಪಕ್ಕಕ್ಕೆ ಸರಿದೆ. ಅವಳು ಸೂಟ್‌ಕೇಸ್ ಎಳೆದುಕೊಂಡು ಹೋದಳು, ಪುಸ್ತಕಗಳಿಗೆ ಇನ್ನೊಂದು ಸಲ ಬಂದಳು, ಆಮೇಲೆ ಬರಲಿಲ್ಲ.